ಶಾಲು ಹೊದ್ದ ಮೇಲೆ ನಂಬರ್ ಕೇಳಿದವರು

ಅವರ ಕುತ್ತಿಗೆಯ ಬಲಗಡೆ ಮೂರು ಆಳವಾದ ಮಡಿಕೆಗಳಿದ್ದವು. ಎಡಗಡೆ ಒಂದೂ ಇರಲಿಲ್ಲ; ಬಿಗಿದ ಹಲಗೆಯ ಚರ್ಮದ ಹಾಗೆ ನುಣುಪಾಗಿತ್ತು. ಇಪ್ಪತ್ತು ವರ್ಷ ಬಲಭುಜದ ಮೇಲಿಂದ ಹಿಂದೆ ನೋಡಿ ನೋಡಿ ಬಿದ್ದ ಮಡಿಕೆಗಳು ಅವು. ಎದುರಿಗೆ ನಿಂತು ಶರಣ್ರಿ ಅಂದರೂ ಅವರ ಮುಖ ತುಸು ಬಲಕ್ಕೇ ವಾಲಿರುತ್ತಿತ್ತು. ಹೊಸಬರು ಇದನ್ನು ಸೊಕ್ಕು ಎಂದು ತಿಳಿದು ಬೇಜಾರಾಗುತ್ತಿದ್ದರು. ಹಳಬರು ತಾವೇ ಎರಡು ಹೆಜ್ಜೆ ಅವರ ಬಲಕ್ಕೆ ಸರಿದು ಮಾತಾಡುತ್ತಿದ್ದರು.

ಅವರು ಯಲಬುರ್ಗಾದಲ್ಲಿ ನಮ್ಮ ಓಣಿಯ ಟ್ರ್ಯಾಕ್ಟರ್ ಡ್ರೈವರ್. ನಾನು ಹೈಸ್ಕೂಲಿನ ನಿವೃತ್ತ ಕನ್ನಡ ಮಾಸ್ತರ. ನಮ್ಮ ಓಣಿ ಎಷ್ಟು ಇಕ್ಕಟ್ಟೆಂದರೆ, ಒಳಗೆ ಬಂದ ಟ್ರ್ಯಾಕ್ಟರ್ ತಿರುಗುವಂತಿಲ್ಲ. ಹೀಗಾಗಿ ಅವರು ಪ್ರತಿ ಸಂಜೆ ಟ್ರೇಲರ್ ಸಮೇತ ಹಿಂದಕ್ಕೇ ಓಡಿಸಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸುತ್ತಿದ್ದರು. ಎರಡೂ ಕಡೆ ಕಟ್ಟೆಗಳು, ನೀರಿನ ಕೊಡಗಳು, ಕಟ್ಟಿದ ಆಡುಗಳು. ಹೆಂಗಸರು ಗಡಿಬಿಡಿಯಿಂದ ಕೊಡ ಎತ್ತಲು ಹೋದರೆ, "ಇರ್ಲಿ ಬಿಡವ್ವ, ನಾ ನೋಡೇನಿ" ಎನ್ನುತ್ತಿದ್ದರು. ಕೊಡ ಅಲ್ಲೇ ಇರುತ್ತಿತ್ತು. ನೀರೂ ಅಲುಗುತ್ತಿರಲಿಲ್ಲ.

ಜಗತ್ತಿನ ಉಳಿದ ಕಡೆ ವಾಹನಗಳ ಪಂದ್ಯ ಮುಂದಕ್ಕೆ ನಡೆಯುತ್ತದಂತೆ. ಅದು ಅವರವರ ಸಂಸ್ಕಾರ. ನಮ್ಮ ಕಡೆ ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹಿಂದಕ್ಕೆ ಓಡಿಸುವ ಪಂದ್ಯ ಇಡುತ್ತಾರೆ. ಎರಡೂ ಬದಿಗೆ ಸುಣ್ಣದ ಗೆರೆ. ಒಂದು ನಿಮಿಷದಲ್ಲಿ ಯಾರು ಹೆಚ್ಚು ದೂರ ಹೋಗುತ್ತಾರೋ ಅವರು ಗೆದ್ದರು. ಗಾಲಿ ಗೆರೆ ತುಳಿದರೆ ಮನೆಗೆ. ಕನ್ನಡಿ ಇಟ್ಟುಕೊಳ್ಳುವಂತಿಲ್ಲ, ಮೊದಲೇ ಬಿಚ್ಚಿಸುತ್ತಾರೆ; ಗಂಡಸಾದವನು ಕುತ್ತಿಗೆ ತಿರುಗಿಸಿ ನೋಡಬೇಕೆಂಬುದು ನಮ್ಮ ಹಿರಿಯರ ಕಟ್ಟಪ್ಪಣೆ. ಈ ಪಂದ್ಯಗಳಲ್ಲಿ ಸ್ಟಾಪ್ ವಾಚು ಹಿಡಿದು ಸೀಟಿ ಊದುವ ಗೌರವ ನನ್ನದು. ಸಾಲಿಗೆ ಒಂದು ದಿನವೂ ತಡವಾಗಿ ಹೋಗದ ಏಕೈಕ ಮಾಸ್ತರ ಎಂಬ ಕೀರ್ತಿಯಿಂದ ಬಂದದ್ದು. ಜೊತೆಗೆ ಸನ್ಮಾನಪತ್ರ ಬರೆಯುವ ಚಟವೂ ಇದೆ.

ಕುಷ್ಟಗಿ, ಗಂಗಾವತಿ, ಕೊಪ್ಪಳದ ಸುತ್ತ ಎಲ್ಲೇ ಪಂದ್ಯವಿರಲಿ, ನಮ್ಮ ಡ್ರೈವರ್ರು ಬಂದಿದ್ದಾರೆಂದರೆ ಉಳಿದವರು ಎರಡನೆಯ ಬಹುಮಾನದ ಬಗ್ಗೆ ಯೋಚನೆ ಶುರು ಮಾಡುತ್ತಿದ್ದರು. ಗುಟ್ಟೇನೆಂದು ಒಮ್ಮೆ ಕೇಳಿದ್ದೆ. "ಟ್ರೇಲರ್ ಎಡಕ್ಕ ಹೋಗಬೇಕಂದ್ರ ಸ್ಟೇರಿಂಗ್ ಬಲಕ್ಕ ತಿರುವಬೇಕ್ರಿ ಮಾಸ್ತರ್ರ. ಇದು ತಲಿಗೆ ತಿಳಿಯಾಕ ಒಂದು ದಿನ ಸಾಕು. ಕೈಗೆ ತಿಳಿಯಾಕ ಹತ್ತು ವರ್ಷ" ಎಂದಿದ್ದರು.

ಐವತ್ತು ದಾಟಿದ ಮೇಲೆ ಸತತ ಎರಡು ಪಂದ್ಯ ಸೋತರು. ಎರಡರಲ್ಲೂ ಗೆದ್ದವನು ಮರಳಿ ಎಂಬ ಊರಿನ ಒಬ್ಬ ತರುಣ; ಗದ್ದೆಯ ಬದುವಿನ ಮೇಲೆ ಟ್ರ್ಯಾಕ್ಟರ್ ಕಲಿತವನು, ಕುತ್ತಿಗೆ ಗೂಬೆಯ ಹಾಗೆ ತಿರುಗುತ್ತಿತ್ತು. ನಮ್ಮವರ ಕುತ್ತಿಗೆ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಎಲುಬು ಸವೆದಿದೆ ಎಂದು ಕೊಪ್ಪಳದ ಡಾಕ್ಟರು ಕುತ್ತಿಗೆಗೆ ಕಟ್ಟುವ ಪಟ್ಟಿ ಕೊಟ್ಟರು. ಮೂರು ದಿನ ಕಟ್ಟಿಕೊಂಡರು. ನಾಲ್ಕನೆಯ ದಿನ ಆ ಪಟ್ಟಿ ಅವರ ಮನೆಯ ಆಕಳ ಕರುವಿನ ಕೊರಳಲ್ಲಿತ್ತು.

ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮಹಾಸಭೆ ಸೇರಿತು. ಟ್ರ್ಯಾಕ್ಟರಿನ ಮೇಲೆ ಒಮ್ಮೆಯೂ ಕೂಡದ ಪಂಡಿತರೆಲ್ಲ ಹಾಜರಿದ್ದರು. ಅವರ ಒಳ್ಳೆಯ ದಿನಗಳು ನಾಲ್ಕು ವರ್ಷದ ಹಿಂದೆಯೇ ಆಗಿಹೋದವು ಎಂದು ಒಬ್ಬ, ಇಲ್ಲ, ಆರು ವರ್ಷದ ಹಿಂದೆ ಎಂದು ಇನ್ನೊಬ್ಬ. ಮುಗಿದಿದ್ದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ, ವಾದವೆಲ್ಲ ಯಾವಾಗ ಮುಗಿಯಿತು ಎಂಬುದರ ಮೇಲೆ. ಅಂಗಡಿಯವನು ತೀರ್ಪು ಕೊಟ್ಟ: "ಮುಗೀತ್ರೀ ಅವರದು. ಇನ್ನ ಮನ್ಯಾಗ ಕೂತು ಮಕ್ಕಳಿಗೆ ಹೇಳ್ಕೊಡ್ಲಿ."

ನಾನು ಸುಮ್ಮನೆ ಚಹಾ ಕುಡಿದೆ. ಅವರ ಪರವಾಗಿ ಒಂದು ಮಾತೂ ಆಡಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅದಾದ ವಾರಕ್ಕೆ ಒಂದು ಸಂಜೆ ಟ್ರೇಲರ್ ಬಂದು ನಮ್ಮ ಕಟ್ಟೆಯ ಮೂಲೆಯನ್ನು ಹಾರಿಸಿಕೊಂಡು ಹೋಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಡ್ರೈವರ್ರು ಇಳಿದು ಬಂದು ಕಲ್ಲಿನ ಚೂರು ಆರಿಸಿಟ್ಟರು. "ತಪ್ಪಾತ್ರಿ ಮಾಸ್ತರ್ರ, ನಾಳೆ ಸಿಮೆಂಟ್ ಹಚ್ತೀನಿ" ಎಂದರು. ಮುಖದಲ್ಲಿ ಒಂಚೂರೂ ದುಃಖವಿರಲಿಲ್ಲ. ಮುಂದಿನ ವಾರ ಎದುರುಮನೆಯ ಎರಡು ಕೊಡಗಳು ಚಪ್ಪಟೆಯಾದವು. ಓಣಿಯ ಹೆಂಗಸರು ಟ್ರ್ಯಾಕ್ಟರಿನ ಸದ್ದು ಕೇಳಿದ ಕೂಡಲೇ ಕೊಡ ಎತ್ತತೊಡಗಿದರು. ನನಗೆ ಖಾತ್ರಿಯಾಯಿತು. ಚಹಾದಂಗಡಿಯ ತೀರ್ಪು ಸರಿಯೇ ಇದೆ, ಇನ್ನು ಮರ್ಯಾದೆಯಿಂದ ಕೆಳಗಿಳಿಸುವುದು ನಮ್ಮ ಕರ್ತವ್ಯ.

ಮರ್ಯಾದೆಯಿಂದ ಕೆಳಗಿಳಿಸಲು ನಮ್ಮಲ್ಲಿ ಇರುವ ಉಪಾಯ ಒಂದೇ: ಶಾಲು. ಹಿಟ್ನಾಳದ ಹತ್ತಿರ ಪಂದ್ಯ ಇಟ್ಟುಕೊಂಡಿದ್ದ ಯುವಕ ಮಂಡಳಿಯವರಿಗೆ ನಾನೇ ಸೂಚಿಸಿದೆ: ಈ ಸಲ ಅವರಿಗೊಂದು ಸನ್ಮಾನ ಮಾಡಿರಿ. ಎರಡು ದಿನ ಕೂತು ಸನ್ಮಾನಪತ್ರ ಬರೆದೆ. 'ಹಿಮ್ಮುಖ ಚಾಲನಾ ಚಕ್ರವರ್ತಿ' ಎಂದು ಶುರುವಾಗಿ, 'ತಮ್ಮ ವಿಶ್ರಾಂತ ಜೀವನ ಸುಖಮಯವಾಗಲಿ' ಎಂದು ಮುಗಿಯುತ್ತಿತ್ತು. ಗಾಜಿನ ಚೌಕಟ್ಟು ಹಾಕಿಸಿದೆ.

ಪಂದ್ಯದ ದಿನ ಅವರು ಬಿಳಿ ಅಂಗಿ ತೊಟ್ಟು ಬಂದರು. ಪೇಟ ಸುತ್ತಿಸಿಕೊಂಡರು, ಹಾರ ಹಾಕಿಸಿಕೊಂಡರು, ಶಾಲು ಹೊದ್ದರು. ನಾನು ಗಂಟಲು ಸರಿಮಾಡಿಕೊಂಡು ಪತ್ರ ಓದಿದೆ. ಅವರು ಬೇರೆ ಯಾರದೋ ಸಂಗತಿ ಕೇಳುವವರ ಹಾಗೆ ಗಂಭೀರವಾಗಿ ಕೇಳಿದರು. ಎರಡು ಮಾತು ಆಡಬೇಕೆಂದು ಮೈಕ್ ಕೊಟ್ಟಾಗ ಸರಿಯಾಗಿ ಎರಡೇ ಆಡಿದರು.

"ಮಾಸ್ತರು ಭಾಳ ಛಲೋ ಬರದಾರ, ನಾ ಸತ್ತ ಮ್ಯಾಲ ಇನ್ನೊಮ್ಮೆ ಓದ್ಸ್ರಿ. ಈಗ ನನ್ನ ನಂಬರ್ ಎಷ್ಟು, ಅದನ್ನ ಹೇಳ್ರಿ."

ಸ್ಪರ್ಧಿಗಳ ಪಟ್ಟಿ ನನ್ನ ಕೈಯಲ್ಲೇ ಇತ್ತು. ಚಕ್ರವರ್ತಿಯ ಗುಣಗಾನದ ಗದ್ದಲದಲ್ಲಿ ನಾನದನ್ನು ಓದಿರಲಿಲ್ಲ. ಹನ್ನೊಂದನೆಯ ಹೆಸರು ಅವರದು, ಬೆಳಿಗ್ಗೆಯೇ ಬರೆಸಿದ್ದರು. ಮಂಡಳಿಯ ಅಧ್ಯಕ್ಷ ಬೆವೆತ. ಸನ್ಮಾನ ಆದವರು ಮತ್ತೆ ಆಡೋದು ಸರಿ ಕಾಣಂಗಿಲ್ಲರಿ ಕಾಕಾ ಎಂದು ಕಿವಿಯಲ್ಲಿ ಹೇಳಿದ. ಹಂಗಾದ್ರ ಶಾಲು ವಾಪಸ್ ತಗೋ ಎಂದರು. ಕೊಟ್ಟ ಶಾಲನ್ನು ವಾಪಸ್ ಪಡೆಯುವ ಪದ್ಧತಿ ನಮ್ಮ ಸೀಮೆಯಲ್ಲಿಲ್ಲ. ಅಧ್ಯಕ್ಷ ಸೋತ.

ಪಂದ್ಯ ಶುರುವಾಗಿ ಹನ್ನೊಂದರ ಸರದಿ ಬರುವ ಹೊತ್ತಿಗೆ, ಎಂಟನೆಯವನಾಗಿ ಮರಳಿಯ ತರುಣ ಓಡಿಸಿ ದೂರದಲ್ಲಿ ತನ್ನ ಬಾವುಟ ನೆಟ್ಟಾಗಿತ್ತು. ಹನ್ನೊಂದನೆಯವರು ಪೇಟ ಬಿಚ್ಚಿ, ಶಾಲನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಸಿ ಕೂತರು. ಬಲಗೈ ಸ್ಟೇರಿಂಗಿನ ಮೇಲೆ, ಎಡಗೈ ಮಡ್‌ಗಾರ್ಡಿನ ಮೇಲೆ. ನನಗೆ ಏನೋ ಅದಲುಬದಲಾದಂತೆ ಕಂಡಿತು. ಆಮೇಲೆ ಅವರು ಹಿಂದೆ ತಿರುಗಿದರು. ಎಡಕ್ಕೆ.

"ಕಾಕಾ, ಬಲಕ್ಕ, ಬಲಕ್ಕ ನೋಡ್ರಿ" ಎಂದು ಜನ ಕೂಗಿದರು. ನಾನು ಕೂಗಲಿಲ್ಲ. ನಮ್ಮ ಕಟ್ಟೆಯ ಮೂಲೆ ಯಾಕೆ ಹೋಯಿತು, ಕೊಡ ಯಾಕೆ ಚಪ್ಪಟೆಯಾದವು ಎಂಬುದು ಸೀಟಿ ಬಾಯಿಗಿಡುವ ಹೊತ್ತಿಗೆ ಒಟ್ಟಿಗೇ ಹೊಳೆಯಿತು. ಮನುಷ್ಯ ಮುಗಿದಿರಲಿಲ್ಲ. ಐವತ್ಮೂರನೆಯ ವಯಸ್ಸಿನಲ್ಲಿ, ಇಪ್ಪತ್ತು ವರ್ಷದ ರೂಢಿಯನ್ನು ಬದಿಗಿಟ್ಟು, ಎಡಭುಜದ ಮೇಲಿಂದ ನೋಡುವುದನ್ನು ಮೊದಲಿನಿಂದ ಕಲಿಯುತ್ತಿದ್ದರು. ಅವರು ಕಲಿಯುವುದನ್ನು ನೋಡಿ ನಾನು ಸನ್ಮಾನಪತ್ರ ಬರೆದಿದ್ದೆ.

ಸೀಟಿ ಊದಿದೆ. ಕಪ್ಪು ಮಣ್ಣು ಎದ್ದಿತು. ಅರ್ಧ ದಾರಿಯಲ್ಲಿ ಟ್ರೇಲರ್ ಒಮ್ಮೆ ಸುಣ್ಣದ ಗೆರೆಯತ್ತ ವಾಲಿತು; ನಾಲ್ಕು ಬೆರಳು ಅಂತರದಲ್ಲಿ ಮತ್ತೆ ಹಾದಿಗೆ ಬಂತು. ಎರಡನೆಯ ಸೀಟಿಗೆ ಟ್ರ್ಯಾಕ್ಟರ್ ನಿಂತಾಗ ಮರಳಿಯ ಬಾವುಟ ಇನ್ನೂ ಎರಡು ಮಾರು ಆಚೆಗಿತ್ತು.

ಎರಡನೆಯ ಬಹುಮಾನ. ನೋಡಿದ್ರ್ಯಾ, ನಾ ಹೇಳಿದ್ದಿಲ್ಲೇನು ಎಂದು ಚಹಾದಂಗಡಿಯ ಪಂಡಿತರು ಧೂಳು ಕೊಡವಿಕೊಂಡು ಬಸ್ಸಿಗೆ ಹೊರಟರು. ದೂರ ಅಳೆಯುವ ಟೇಪು ಹಿಡಿದಿದ್ದ ನಾನು ಮಾತ್ರ ಹೊರಡಲಿಲ್ಲ. ಅವರ ಎಲ್ಲ ಪಂದ್ಯಗಳ ಅಳತೆ ನನ್ನ ಹಳೆಯ ಹಾಜರಿ ಪುಸ್ತಕದಲ್ಲಿದೆ. ಅಂದು ಅವರು ಹೋದ ದೂರ, ಆ ಪಂಡಿತರು ಕೊಂಡಾಡುವ ಯಾವ ವರ್ಷದಲ್ಲೂ ಹೋಗಿದ್ದಕ್ಕಿಂತ ಹನ್ನೊಂದು ಅಡಿ ಹೆಚ್ಚು. ಹೋಗಿ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ಬಾವುಟದ ಕಡೆ ನೋಡುತ್ತ, "ಎಡಗಡಿ ಇನ್ನೂ ಹೊಸದೈತ್ರಿ" ಎಂದರು.

ಆಮೇಲೆ ಚೌಕಟ್ಟನ್ನು ತಂದು ನನ್ನ ಕೈಗಿಟ್ಟರು. "ಇದು ನಿಮ್ಮ ಮನ್ಯಾಗ ಇರ್ಲಿ ಮಾಸ್ತರ್ರ. ಬೇಕಾದಾಗ ಕೇಳ್ತೀನಿ."

ಚಹಾದಂಗಡಿಯಲ್ಲಿ ಈಗಲೂ ವಾದ ನಡೆಯುತ್ತದೆ. ನಾನು ಈಗ ಸುಮ್ಮನೆ ಕುಡಿಯುವುದಿಲ್ಲ. ಹಾಜರಿ ಪುಸ್ತಕ ಚೀಲದಲ್ಲೇ ಇರುತ್ತದೆ, ತೆಗೆದು ಅಳತೆ ಓದುತ್ತೇನೆ. ಯಾರೂ ಕೇಳುವುದಿಲ್ಲ, ಆದರೂ ಪೂರ್ತಿ ಓದುತ್ತೇನೆ. ಸನ್ಮಾನಪತ್ರಗಳನ್ನು ಬರೆಯುವುದು ಬಿಟ್ಟಿದ್ದೇನೆ. ಇದೊಂದು ಚಟ ಬಿಡಿಸಿದ ಋಣ ಅವರದು.

ಮೊನ್ನೆ ಸಂಜೆ ಅವರು ಟ್ರ್ಯಾಕ್ಟರ್ ಹಿಂದಕ್ಕೆ ತರುವಾಗ ಕಟ್ಟೆಯ ಮೇಲೆ ಕೂತಿದ್ದೆ. ಎದುರುಮನೆಯವಳು ಕೊಡ ಎತ್ತಲಿಲ್ಲ. ಬಿಸಿಲು ಅವರ ಕುತ್ತಿಗೆಯ ಎಡಗಡೆ ಬಿದ್ದಿತ್ತು. ಅಲ್ಲಿ, ಕೂದಲೆಳೆಯಷ್ಟು ತೆಳ್ಳಗೆ, ಮೊದಲನೆಯ ಮಡಿಕೆ ಮೂಡುತ್ತಿತ್ತು.

ಚೌಕಟ್ಟು ನನ್ನ ಮಂಚದ ಕೆಳಗಿದೆ. ಇನ್ನೂ ಕೇಳಿಲ್ಲ.