ಶಾಂತವಾದ ದೀಪ

ನಮ್ಮ ಯಜಮಾನರ ಹೆಸರು ರಂಗರಾಜು. ಚಿಕ್ಕನಾಯಕನಹಳ್ಳಿಯಲ್ಲಿ ಒಂದು ರಿಪೇರಿ ಅಂಗಡಿ ಇಟ್ಟಿದ್ದಾರೆ. ಮೊದಲು ರೇಡಿಯೋ ಬಿಚ್ಚುತ್ತಿದ್ದರು, ಆಮೇಲೆ ಟಿ.ವಿ. ಎರಡು ಸಾವಿರದ ಏಳೆಂಟರ ಹೊತ್ತಿಗೆ ಫೋನಿನ ತಂತಿಯಲ್ಲೇ ಇಂಟರ್‌ನೆಟ್ಟೂ ಬರತೊಡಗಿ, ಮೋಡೆಮ್ ಎಂಬ ಡಬ್ಬಿ ಊರೊಳಗೆ ಕಾಲಿಟ್ಟಿತು. ಅಂಗೈಯಗಲದ ಡಬ್ಬಿ, ಅದರ ಮೈಮೇಲೆ ಸಾಲಾಗಿ ಹಸಿರು ದೀಪ. ಆ ದೀಪಗಳು ನನ್ನ ಸಂಸಾರದ ನೆಮ್ಮದಿಯನ್ನೇ ತಿಂದುಹಾಕಿದವು.

ಮುದ್ದೆ ಮುರಿದು ಸಾರಿಗೆ ಅದ್ದುವಷ್ಟರಲ್ಲಿ ಫೋನು ಬರುತ್ತಿತ್ತು. ಇವರು ಎಡಗೈಲಿ ಫೋನು ಹಿಡಿದು, "ದೀಪ ನಿಂತಿದ್ಯಾ, ಮಿಣಮಿಣ ಅಂತಿದ್ಯಾ?" ಎಂದು ಶುರು ಮಾಡಿದರೆ ಬಲಗೈಯ ಮುದ್ದೆ ಒಣಗಿಹೋಗುತ್ತಿತ್ತು. ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ. ಪವರ್ ದೀಪ ಉರಿದರೆ ಕರೆಂಟಿದೆ ಅಂತ. ಅದರ ಪಕ್ಕದ ಡಿಎಸ್‌ಎಲ್ ದೀಪ ಅಲ್ಲಾಡದೆ ನಿಂತಿದ್ದರೆ ಹೊರಗಿನ ಲೈನು ಸರಿಯಿದೆ ಅಂತ. ಮಿಣುಕುತ್ತಿದ್ದರೆ ಲೈನು ಹುಡುಕುತ್ತಿದೆ, ಕತ್ತಲಾಗಿದ್ದರೆ ತಂತಿಯೇ ಸರಿಯಾಗಿ ಸೇರಿಲ್ಲ.

"ಕಂಡೋರ ಮನೆ ದೀಪ ಕಾಯಕ್ಕೇ ಹುಟ್ಟಿದ್ದೀರೇನ್ರೀ?" ಎಂದು ರೇಗಿದರೆ, "ದೀಪ ಕೆಟ್ಟಿರೋ ಮನೆ ಬಿಟ್ಟು ಬಂದ್ರೆ ನಂಗೆ ಅನ್ನ ಸೇರಲ್ಲ ಕಣೇ" ಅನ್ನುತ್ತಿದ್ದರು. ಸುಳ್ಳಲ್ಲ. ಮಂಡಿನೋವು, ಹಳೇ ಸ್ಕೂಟರು, ಮುಖದ ತುಂಬ ಸುಸ್ತು, ಆದರೂ ಒಂದು ಮನೆಯನ್ನೂ ಹಾಗೆ ಬಿಟ್ಟು ಬಂದವರಲ್ಲ.

ಆ ಶನಿವಾರ ಫೋನು ಬಂದದ್ದು ಶೆಟ್ಟಿಕೆರೆಯ ಗಿರಿಜಾಂಬಿಕಮ್ಮನವರದು. ಗಂಡ ಏಕಾಂತಯ್ಯನವರು ತೀರಿಕೊಂಡ ಮೇಲೆ ತೆಂಗಿನ ತೋಟ, ಮಗಳು ಸೌಮ್ಯ, ಎರಡೂ ಆಕೆಯ ತಲೆಮೇಲೇ ಬಿದ್ದಿದ್ದವು. ಸೌಮ್ಯ ಸ್ಕೂಲಿನಲ್ಲಿ ಟೀಚರು. ಮೂವತ್ತು ದಾಟಿತ್ತು, ಮದುವೆ ಕೂಡಿ ಬಂದಿರಲಿಲ್ಲ. ಗಂಡಿನ ಕಡೆಯವರು ಬರುವುದು, ಉಪ್ಪಿಟ್ಟು ಕೇಸರಿಬಾತು ತಿನ್ನುವುದು, ಹುಡುಗಿಯನ್ನು ಮೇಲಿಂದ ಕೆಳಗೆ ನೋಡುವುದು, "ಊರಿಗೋಗಿ ತಿಳಿಸ್ತೀವಿ" ಎಂದು ಹೊರಟುಬಿಡುವುದು. ಅವರಲ್ಲಿ ಒಬ್ಬರಾದರೂ ತಿಳಿಸಿದ್ದಿದ್ದರೆ ಕೇಳಿ. ಈ ಸಲದ ಹುಡುಗ ಗುಜರಾತಿನಲ್ಲಿ ಇಂಜಿನಿಯರು. ರಜೆ ಸಿಕ್ಕುವುದಿಲ್ಲವಂತೆ, ಕಂಪ್ಯೂಟರಿನಲ್ಲೇ ಹೆಣ್ಣು ನೋಡುತ್ತಾನಂತೆ. ಭಾನುವಾರ ಹನ್ನೊಂದಕ್ಕೆ.

"ಇಂಟರ್‌ನೆಟ್ಟೇ ಬತ್ತಾ ಇಲ್ಲ ಕಣಪ್ಪ ರಂಗರಾಜು. ನಾಳೆ ತಪ್ಪಿದ್ರೆ ಈ ಸಂಬಂಧಾನೂ ಹೋಯ್ತು" ಎಂದರು ಆಕೆ.

"ಗಾಬರಿಯಾಗ್ಬೇಡಿ ಅಮ್ಮಾವ್ರೇ. ಪವರ್ ದೀಪ?"

"ಉರೀತೈತೆ."

"ಅದ್ರ ಪಕ್ಕದ್ದು?"

"ಅದು ಶಾಂತವಾಗೈತೆ."

"ಹಂಗಾದ್ರೆ ಲೈನು ಚೆನ್ನಾಗೈತೆ" ಎಂದು ಇವರು ಕಂಪ್ಯೂಟರಿನ ಹಿಂದಿನ ತಂತಿ ಕೀಳಿಸಿದರು, ಹಾಕಿಸಿದರು, ಕಂಪ್ಯೂಟರನ್ನೇ ಆರಿಸಿ ಹಚ್ಚಿಸಿದರು. ಏನೂ ಆಗಲಿಲ್ಲ. ತಟ್ಟೆಯಲ್ಲಿ ಸಾರು ಕೆನೆ ಕಟ್ಟಿತು. ನನಗೆ ಅಳುವುದೋ ನಗುವುದೋ ಗೊತ್ತಾಗಲಿಲ್ಲ.

ಮರುದಿನ ನಾವು ತಿಪಟೂರಿಗೆ ನಾಮಕರಣಕ್ಕೆ ಹೊರಟಿದ್ದೆವು. ಶೆಟ್ಟಿಕೆರೆ ದಾರಿಯಲ್ಲೇ ಸಿಗುತ್ತದೆ. "ಒಂದೈದು ನಿಮಿಷ ಕಣೇ" ಎಂದು ಸ್ಕೂಟರು ತಿರುಗಿಸಿದರು. ಇವರ ಐದು ನಿಮಿಷ ನನಗೆ ಗೊತ್ತಿಲ್ಲದ್ದೇ!

ಒಳಗೆ ಕೇಸರಿಬಾತಿನ ಘಮ. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ಅದರ ಕೆಳಗೆ ಮೇಜಿನ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಮೋಡೆಮ್ಮು, ಅದಕ್ಕೆ ಮೂರೆಳೆ ವಿಭೂತಿ. ಸೌಮ್ಯ ರೇಷ್ಮೆ ಸೀರೆ ಉಟ್ಟು, ಮುಖದಲ್ಲಿ ಒಂದಿಷ್ಟೂ ಕಳೆಯಿಲ್ಲದೆ, ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು.

ಇವರು ಬಗ್ಗಿ ನೋಡಿದವರೇ, "ಅಮ್ಮಾವ್ರೇ, ದೀಪ ಆರೋಗೈತಲ್ಲ!" ಎಂದರು.

"ಬುಡ್ತು ಅನ್ನು! ಬುಡ್ತು ಅನ್ನು!" ಗಿರಿಜಾಂಬಿಕಮ್ಮ ಹೌಹಾರಿದರು. "ಮಗಳಿಗೆ ಗಂಡು ನೋಡೋ ದಿನ ಮನೇಲಿ ದೀಪ ಆರಿತು ಅಂತಾರೇನಪ್ಪ? ಅದಕ್ಕೇ ನಾನು ಶಾಂತವಾಗೈತೆ ಅಂದಿದ್ದು."

ಇವರು ಹಣೆ ಹಣೆ ಚಚ್ಚಿಕೊಂಡರು. ಆಕೆ ಅಂದ ಶಾಂತವನ್ನು ಇವರು ಅಲುಗಾಡದೆ ಉರಿಯುತ್ತಿದೆ ಎಂದುಕೊಂಡಿದ್ದರು. ನಾನು ಸೆರಗು ಬಾಯಿಗಿಟ್ಟು ನಗು ನುಂಗಿಕೊಂಡೆ.

ಗೋಡೆಯ ಹತ್ತಿರ ಒಂದು ಪುಟ್ಟ ಬಿಳಿ ಡಬ್ಬಿಯಿತ್ತು. ಹೊರಗಿನ ತಂತಿ ಅದಕ್ಕೆ ಬಂದು, ಅಲ್ಲಿಂದ ಒಂದು ಫೋನಿಗೆ, ಇನ್ನೊಂದು ಮೋಡೆಮ್ಮಿಗೆ ಹೋಗುತ್ತದೆ. ಇವರು ಅದನ್ನು ತಿರುಗಿಸಿ ನೋಡಿದರು.

"ಎರಡು ತಂತೀನೂ ಅದಲು ಬದಲಾಗವೆ. ಫೋನಿಂದು ಮೋಡೆಮ್ ಜಾಗದಲ್ಲೈತೆ, ಮೋಡೆಮ್ಮಿಂದು ಫೋನಿನ ಜಾಗದಲ್ಲಿ."

"ಹಾಳಾದ್ ಇಲಿ ಕಣಪ್ಪ. ಅಟ್ಟದ ಮೇಲೆಲ್ಲ ಅವೇ."

"ಇಲಿ ಕಡೀತದೆ ಅಮ್ಮಾವ್ರೇ. ಪಿನ್ನು ಬಿಚ್ಚಿ ಇನ್ನೊಂದು ಕಡೆ ಸಿಗಿಸಲ್ಲ."

ಇವರು ಮೋಡೆಮ್ಮಿನ ಪಿನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಇನ್ನೇನು ಸರಿಯಾಗಿ ಸಿಗಿಸಿಬಿಟ್ಟರೆ ದೀಪ ಬರುತ್ತಿತ್ತು. ಹನ್ನೊಂದೂ ಆಗುತ್ತಾ ಬಂದಿತ್ತು.

"ನಾನೇ ಕಣಣ್ಣ" ಎಂದಳು ಸೌಮ್ಯ.

ಗಿರಿಜಾಂಬಿಕಮ್ಮ ತಿರುಗಿ ನೋಡಿದರು. "ಏನೇ ಹಂಗಂದ್ರೆ?"

"ಸಾಕಾಗೈತೆ ಕಣಮ್ಮ." ಅವಳು ಜೋರು ಮಾಡಲಿಲ್ಲ, ಅಳಲೂ ಇಲ್ಲ. ಅಷ್ಟು ದಣಿದ ದನಿಯನ್ನು ನಾನು ಹೊತ್ತು ಹೆತ್ತ ಹೆಂಗಸರಲ್ಲೂ ಕೇಳಿಲ್ಲ. "ಬಂದೋರ ಮುಂದೆಲ್ಲ ತಲೆ ತಗ್ಗಿಸ್ಕೊಂಡು ಕೂತೆ. ಅವ್ರು ತಿಂಡಿಯಾದ್ರೂ ತಿಂದು, ಚೆನ್ನಾಗೈತೆ ಅಂತಿದ್ರು. ಈಗ ಡಬ್ಬದ ಮುಂದೆ ಕೂರ್ಬೇಕು. ಅವನು ಅಲ್ಲಿಂದ್ಲೇ ಬೇಡ ಅಂತ ಗುಂಡಿ ಒತ್ತಿಬಿಡ್ತಾನೆ. ನನ್ ಕೈಲಾಗಲ್ಲ."

"ಮೊದ್ಲೇ ಹೇಳ್ಬಾರ್ದಿತ್ತೇನೇ?"

"ಹೇಳ್ದೆ. ನೀನು ಕೇಸರಿಬಾತಿಗೆ ರವೆ ಹುರೀತಿದ್ದೆ."

ನಮ್ಮವರ ಪಾಡು ಬೇರೆ. ಕೈಯಲ್ಲಿ ಪಿನ್ನು, ಕಣ್ಣೆದುರಿಗೆ ಕತ್ತಲಾದ ದೀಪ. ಅವರ ಬೆರಳು ತಾನಾಗಿಯೇ ಆ ಬಿಳಿ ಡಬ್ಬಿಯತ್ತ ಹೋಗುತ್ತಿತ್ತು. ನಾನು ಅವರ ಕಡೆ ಕಣ್ಣು ಬಿಟ್ಟೆ. ಬೆರಳು ನಿಂತಿತು.

"ಏನ್ಮಾಡ್ಲಿ ಅಮ್ಮಾವ್ರೇ?" ಎಂದರು.

ಗಿರಿಜಾಂಬಿಕಮ್ಮ ಮಗಳನ್ನೇ ನೋಡುತ್ತ ಕುರ್ಚಿಯಲ್ಲಿ ಕುಸಿದು ಕೂತರು. ಆ ಕುರ್ಚಿ ಕಂಪ್ಯೂಟರಿನ ಮುಂದೆ ಸೌಮ್ಯಳಿಗೆಂದು ಇಟ್ಟದ್ದು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು.

"ಶಾಂತವಾಗೇ ಇರ್ಲಿ ಬುಡಪ್ಪ" ಎಂದರು.

ಇವರು ಪಿನ್ನನ್ನು ಕಸೂತಿ ಬಟ್ಟೆಯ ಮೇಲಿಟ್ಟು ಕೈ ಒರೆಸಿಕೊಂಡರು. ಸೌಮ್ಯ ನಮಗೆ ತಟ್ಟೆಯಲ್ಲಿ ಕೇಸರಿಬಾತು ಹಾಕಿಕೊಂಡು ಬರುವಷ್ಟರಲ್ಲಿ ಫೋನು ಬಡಿದುಕೊಂಡಿತು. ಗಿರಿಜಾಂಬಿಕಮ್ಮನೇ ಎತ್ತಿದರು. ಆ ಕಡೆಯಿಂದ ಹುಡುಗನ ತಾಯಿ, ಯಾಕೆ ಇನ್ನೂ ಕಾಣಿಸುತ್ತಿಲ್ಲ ಎಂದು ಕೇಳುತ್ತಿರುವುದು ನಮಗೂ ಕೇಳಿಸಿತು.

"ಇಲ್ಲ ಕಣ್ರೀ, ಇವತ್ತಾಗಲ್ಲ" ಎಂದರು ಗಿರಿಜಾಂಬಿಕಮ್ಮ. "ನಾಳೇನಾ? ಮಗಳನ್ನ ಕೇಳ್ಬೇಕು. ಹೂಂ. ನಾವೇ ತಿಳಿಸ್ತೀವಿ ಬುಡಿ."

ಸೌಮ್ಯ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು.