ಪರದೆಯ ಮೇಲಿನ ಸೊನ್ನೆ

ಎಲ್ಲರೂ ಅವರನ್ನು ಹೊಲಿಗೆ ಟೀಚರ್ ಎಂದೇ ಕರೆಯುತ್ತಿದ್ದರು. ಶಾಲೆಯಲ್ಲಿ ಹೊಲಿಗೆ ನಿಂತು ಎಷ್ಟೋ ಕಾಲವಾದರೂ ಆ ಹೆಸರು ಹೋಗಲಿಲ್ಲ. ಒಂದು ಬೆಳಿಗ್ಗೆ ಅವರ ಕೋಣೆಯ ಹೊಲಿಗೆ ಯಂತ್ರಗಳನ್ನೆಲ್ಲ ಲಾರಿಗೆ ಹೇರಿಕೊಂಡು ಹೋದರು. ಅದೇ ಲಾರಿಯಿಂದ ಇಳಿಸಿದ ರಟ್ಟಿನ ಪೆಟ್ಟಿಗೆಗಳನ್ನು ಅದೇ ಕೋಣೆಯಲ್ಲಿ ಜೋಡಿಸಿದರು. ಪೆಟ್ಟಿಗೆಗಳಲ್ಲಿ ಟ್ಯಾಬ್‌ಗಳಿದ್ದವು.

"ಕೋಣೆ ಕೀ ಹೇಗೂ ನಿಮ್ಮ ಹತ್ರನೇ ಇದೆ. ಇದನ್ನೂ ನೀವೇ ನೋಡ್ಕೊಂಡ್ಬಿಡಿ" ಎಂದರು ಹೆಡ್‌ಮಾಸ್ಟರು. ಡಿಜಿಟಲ್ ಪಾಠದ ಉಸ್ತುವಾರಿ ಟೀಚರ್ ತಲೆಗೆ ಬಂದದ್ದು ಹೀಗೆ.

ಪಕ್ಕದ ಕೋಣೆಯಲ್ಲಿ ಗಣಿತ ಹೇಳುವವನು ನಾನು. ನಮ್ಮಿಬ್ಬರ ನಡುವೆ ಇರುವುದು ಪ್ಲೈವುಡ್ ಗೋಡೆ. ಅವರ ಕೋಣೆಯ ಮಾತು, ಗೊಣಗಾಟ ಎಲ್ಲ ನನ್ನ ಪಾಠದ ಮಧ್ಯೆ ಬಂದು ಕೂರುತ್ತಿತ್ತು. ಹಾಗಾಗಿ ಈ ಕತೆಯ ಬಹುಪಾಲು ನಾನು ಕಿವಿಯಾರೆ ಕೇಳಿದ್ದು.

ನಮ್ಮ ಶಾಲೆ ಗೋದಾಮುಗಳ ಹಿಂದಿನ ಓಣಿಯಲ್ಲಿದೆ. ಎರಡೂ ಪಕ್ಕ ಎತ್ತರದ ತಗಡಿನ ಗೋಡೆ. ಫೋನಿಗೆ ಸಿಗ್ನಲ್ ಬೇಕಾದರೆ ಏಣಿ ಹತ್ತಿ ತಾರಸಿಯ ನೀರಿನ ಟ್ಯಾಂಕಿನ ಪಕ್ಕ ನಿಲ್ಲಬೇಕು. ಮಕ್ಕಳಲ್ಲಿ ಹೆಚ್ಚಿನವರು ಕಟ್ಟಡ ಕೆಲಸದವರ ಮಕ್ಕಳು. ಒಂದು ಕಟ್ಟಡ ಎದ್ದು ನಿಂತಿತೆಂದರೆ ಅಪ್ಪ ಅಮ್ಮ ಗಂಟುಮೂಟೆ ಕಟ್ಟುತ್ತಾರೆ, ಮಕ್ಕಳೂ ಹಿಂದೆಯೇ ಹೊರಡುತ್ತವೆ. ಕೆಲವು ತಿಂಗಳ ಮೇಲೆ ಹತ್ತಿರದಲ್ಲೇ ಇನ್ನೊಂದು ಪಾಯ ತೋಡುವಾಗ ವಾಪಸ್ ಬರುತ್ತವೆ. ಅಷ್ಟರಲ್ಲಿ ಪಾಠ ಎಲ್ಲೋ ಮುಂದಕ್ಕೆ ಹೋಗಿರುತ್ತದೆ. ಬಂದ ಮಗು ಹಿಂದಿನ ಬೆಂಚಿನಲ್ಲಿ ಬಾಯಿ ಹೊಲಿದುಕೊಂಡು ಕೂರುತ್ತದೆ. ಆಮೇಲೊಂದು ದಿನ ಬರುವುದನ್ನೇ ಬಿಡುತ್ತದೆ. ನಮ್ಮ ಶಾಲೆಯ ಹಳೆಯ ಕಾಯಿಲೆ ಇದು.

ಮೊದಮೊದಲು ಟೀಚರಿಗೆ ಟ್ಯಾಬ್‌ಗಳನ್ನು ಕಂಡರೆ ಆಗುತ್ತಿರಲಿಲ್ಲ. "ಹೊಲಿಗೆ ಕಲಿತವಳು ಎಲ್ಲಿ ಹೋದ್ರೂ ಹೊಟ್ಟೆ ಹೊರ್ಕೊಳ್ತಿದ್ಲು. ಈ ಗಾಜು ತಿಕ್ಕಿ ಏನು ಸಿಗತ್ತೆ?" ಎನ್ನುತ್ತಿದ್ದರು. ಆದರೆ ಆಗಷ್ಟೇ ವಾಪಸ್ ಬಂದಿದ್ದ ಒಬ್ಬಳು ಹುಡುಗಿ ಟ್ಯಾಬ್ ಹಿಡಿದು ತಾರಸಿಯ ಟ್ಯಾಂಕಿನ ಪಕ್ಕ ಕೂತು ಭಿನ್ನರಾಶಿಯ ಪಾಠವನ್ನು ನಿಲ್ಲಿಸಿ, ಹಿಂದಕ್ಕೆಳೆದು, ಮತ್ತೆ ಮತ್ತೆ ಕೇಳುವುದನ್ನು ಅವರು ಒಂದು ಮಧ್ಯಾಹ್ನ ನೋಡಿದರು. ಕೊನೆಗೆ ಅವಳು ಯಾರನ್ನೂ ಕೇಳದೆ ಲೆಕ್ಕ ಬಿಡಿಸಿದಳು. ಟೀಚರ್ ಸೀದಾ ನನ್ನ ಹತ್ತಿರ ಬಂದರು.

"ಮೇಷ್ಟ್ರೇ, ನಿಮ್ಮನ್ನ ಒಂದೇ ಮಾತು ನಾಲ್ಕು ಸಲ ಕೇಳಿದ್ರೆ ಹಲ್ಲು ಕಡೀತೀರಿ. ಅದು ಕಡಿಯಲ್ಲ."

ಮಾತು ಚುಚ್ಚಿತು. ಸುಳ್ಳು ಎನ್ನುವಂತಿರಲಿಲ್ಲ.

ಅಂದಿನಿಂದ ಅವರ ಸಿಟ್ಟು ದಿಕ್ಕು ಬದಲಿಸಿತು. ಟ್ಯಾಬ್ ಯಾಕೆ ಬಂತು ಎನ್ನುತ್ತಿದ್ದವರು ಯಾಕೆ ನಡೆಯುವುದಿಲ್ಲ ಎನ್ನತೊಡಗಿದರು. ಪಾಠ ತೆರೆದರೆ ಪರದೆಯ ನಡುವೆ ಒಂದು ಚಕ್ರ ತಿರುಗುತ್ತಿತ್ತು. ಮಕ್ಕಳು ಅದನ್ನೇ ಪಾಠವೆಂಬಂತೆ ನೋಡುತ್ತಾ ಕೂರುತ್ತಿದ್ದರು. ಕೆಲವು ದಿನ ತಾರಸಿಯ ಮೇಲೆ, ಬಿಸಿಲಿಗೆ ಬೆಡ್‌ಶೀಟ್ ಕಟ್ಟಿ, ಅದರಡಿ ತರಗತಿ ನಡೆಯಿತು. ಒಂದು ಮಗು ಏಣಿಯಿಂದ ಜಾರಿದ ಮೇಲೆ ಹೆಡ್‌ಮಾಸ್ಟರು ಅದನ್ನೂ ನಿಲ್ಲಿಸಿದರು. ಸಹಾಯವಾಣಿಗೆ ಫೋನ್ ಮಾಡಿದರೆ ಸಂಗೀತ ಬರುತ್ತಿತ್ತು. ಸಂಗೀತ ಮುಗಿದ ಮೇಲೆ ಒಂದು ಹೆಣ್ಣು ದನಿ, ನಿಮ್ಮ ದೂರನ್ನು ಆ್ಯಪ್‌ನಲ್ಲೇ ದಾಖಲಿಸಿ ಎನ್ನುತ್ತಿತ್ತು.

"ಆ್ಯಪೇ ತೆರೀತಿಲ್ಲ ಅನ್ನೋದೇ ದೂರು ಕಣಮ್ಮ" ಎಂದು ಟೀಚರ್ ತಾರಸಿಯ ಮೇಲೆ ನಿಂತು ಆ ದನಿಗೆ ವಿವರಿಸುತ್ತಿದ್ದದ್ದು ಕೆಳಗೆ ನನ್ನ ಇಡೀ ತರಗತಿಗೆ ಕೇಳಿಸಿತು. ಅದು ಮುದ್ರಿಸಿಟ್ಟ ದನಿ ಎಂದು ಅವರಿಗೆ ತಿಳಿಯದ್ದೇನಲ್ಲ. ಇನ್ನಾರಿಗೆ ಹೇಳುವುದು?

ಅವರ ತಮ್ಮನದು ಮೊಬೈಲ್ ರಿಪೇರಿ ಅಂಗಡಿ. ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು, ಅಷ್ಟು ಅಗಲ. ಅವನ ಮುಂದೆ ಅಕ್ಕ ಗೋಳು ತೋಡಿಕೊಂಡಾಗ ಅವನು ಕಣ್ಣಿನ ಭೂತಗನ್ನಡಿಯನ್ನೂ ತೆಗೆಯದೆ ಹೇಳಿದ: "ಅಕ್ಕ, ನೆಟ್ಟು ನಲ್ಲಿ ನೀರಿದ್ದ ಹಾಗೆ. ಬರೋ ಕಡೆ ಹೋಗಿ ತುಂಬ್ಕೊಂಡು ಬರ್ಬೇಕು."

"ಯಾವುದರಲ್ಲಿ ತುಂಬ್ಲಿ, ಬಿಂದಿಗೆಯಲ್ಲಾ?"

ಅವನು ಸೋಪಿನ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ತೋರಿಸಿದ. ಅಂಗಡಿಯಲ್ಲಿ ನೆಟ್ ಚೆನ್ನಾಗಿದೆ, ಪಾಠಗಳನ್ನೆಲ್ಲ ಇದಕ್ಕೆ ಇಳಿಸಿ ಕೊಡುತ್ತೇನೆ, ಶಾಲೆಯಲ್ಲಿ ಇದನ್ನು ಹಚ್ಚಿಟ್ಟರೆ ಕೋಣೆಯೊಳಗಿನ ಟ್ಯಾಬ್‌ಗಳೆಲ್ಲ ಇದರಿಂದಲೇ ಪಾಠ ಎಳೆದುಕೊಳ್ಳುತ್ತವೆ, ಹೊರಗಿನ ನೆಟ್ ಬೇಕಿಲ್ಲ ಎಂದ. ಪಾಠಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು ಎಂದು ಇಲಾಖೆಯೇ ಹೇಳಿತ್ತು.

ಪೆಟ್ಟಿಗೆ ಬಂದ ಮೇಲೆ ಚಕ್ರ ತಿರುಗುವುದು ನಿಂತಿತು. ಟೀಚರ್ ಅಷ್ಟಕ್ಕೆ ಬಿಡಲಿಲ್ಲ. ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಫೋನಿನ ಮುಂದೆ ನಿಲ್ಲಿಸಿ ನಮ್ಮ ನಮ್ಮ ಪಾಠಗಳನ್ನೂ ಮುದ್ರಿಸಿಕೊಂಡರು. ಮಾತಿಗೊಮ್ಮೆ "ಅರ್ಥ ಆಯ್ತಲ್ಲ" ಎನ್ನುತ್ತೇನೆಂದು ನನ್ನ ಒಂದು ಪಾಠವನ್ನು ಮತ್ತೆ ಮತ್ತೆ ಹೇಳಿಸಿದರು. ಉಬ್ಬಿದ ಬ್ಯಾಟರಿಗಳನ್ನು ತಮ್ಮನ ಕೈಲಿ ಬದಲಿಸಿದರು. ಹಳೆಯ ಪರದೆ ಬಟ್ಟೆ ಕತ್ತರಿಸಿ, ಒಳಗೆ ಹತ್ತಿ ತುಂಬಿ, ಪ್ರತಿ ಟ್ಯಾಬಿಗೂ ಚೀಲ ಹೊಲಿದರು. ಬೇರೆ ಶಾಲೆಗಳಲ್ಲಿ ಟ್ಯಾಬ್‌ಗಳು ಮೂಲೆ ಸೇರಿದ ಕಾಲಕ್ಕೆ ನಮ್ಮಲ್ಲಿ ಒಂದೂ ಕೆಟ್ಟು ಕೂತಿರಲಿಲ್ಲ. ಊರು ಸುತ್ತಿ ಬಂದ ಮಕ್ಕಳು ಬಿಟ್ಟ ಕಡೆಯಿಂದ ಹಿಡಿದು ಕಲಿಯುತ್ತಿದ್ದರು. ಹಿಂದಿನ ಬೆಂಚು ಸ್ವಲ್ಪ ಮಾತಾಡತೊಡಗಿತ್ತು.

ಆಗ ಕಚೇರಿಯಿಂದ ಅಧಿಕಾರಿ ಬಂದರು. ಎಳೆ ವಯಸ್ಸು, ಒಳ್ಳೆಯ ಮಾತು. ತಮ್ಮ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. ಬೇರೆ ಎಲ್ಲ ಶಾಲೆಗಳ ಮುಂದೆಯೂ ಆ ತಿಂಗಳ ಬಳಕೆಯ ಏನೋ ಒಂದು ಸಂಖ್ಯೆ ಇತ್ತು. ನಮ್ಮ ಶಾಲೆಯ ಮುಂದೆ ಸೊನ್ನೆ.

"ನೀವು ಟ್ಯಾಬ್ ಬಳಸ್ತಾನೇ ಇಲ್ಲ ಮೇಡಂ."

ಟೀಚರ್ ಪೆಟ್ಟಿಗೆ ತೋರಿಸಿ ಎಲ್ಲ ಬಿಡಿಸಿ ಹೇಳಿದರು. ಆ್ಯಪ್ ನೆಟ್‌ನಲ್ಲಿದ್ದರೆ ಮಾತ್ರ ಬಳಕೆ ಮೇಲಕ್ಕೆ ಹೋಗಿ ದಾಖಲಾಗುತ್ತದೆ, ಪೆಟ್ಟಿಗೆಯಿಂದ ನೋಡಿದ್ದು ಅಲ್ಲಿಗೆ ತಲುಪುವುದೇ ಇಲ್ಲ ಎಂಬುದು ಆಗ ನಮಗೆಲ್ಲ ಗೊತ್ತಾಯಿತು.

"ಹಾಗಾದ್ರೆ ಮಕ್ಕಳನ್ನೇ ಕೇಳಿ ಸರ್" ಎಂದರು ಟೀಚರ್.

ಅಧಿಕಾರಿ ಕೇಳಿದರು. ಮಕ್ಕಳು ಹೇಳಿದರು. ಅಧಿಕಾರಿಗೆ ನಿಜಕ್ಕೂ ಖುಷಿಯಾಯಿತು. ಪೆಟ್ಟಿಗೆಯ ಫೋಟೊ ತೆಗೆದುಕೊಂಡರು, ಟೀಚರನ್ನು ಹೊಗಳಿದರು. ಮುಂದಿನ ತಿಂಗಳು ಆದೇಶ ಬಂತು: ಬಳಕೆ ಇಲ್ಲದ ಶಾಲೆಯ ಟ್ಯಾಬ್‌ಗಳನ್ನು ಉತ್ತಮ ಬಳಕೆಯ ಶಾಲೆಗೆ ವರ್ಗಾಯಿಸುವುದು. ಒಂದು ವ್ಯಾನು ಬಂದು ಎಲ್ಲವನ್ನೂ ಒಯ್ದಿತು. ಪಟ್ಟಿಯಲ್ಲಿ ಇರಲಿಲ್ಲವೆಂದು ತಮ್ಮನ ಪೆಟ್ಟಿಗೆಯನ್ನು ಮುಟ್ಟಲಿಲ್ಲ, ಚೀಲಗಳನ್ನು ಬಿಚ್ಚಿ ಮೇಜಿನ ಮೇಲೆ ಬಿಟ್ಟು ಹೋದರು.

ಚೀಲವಾದರೂ ಜೊತೆಗಿರಲಿ ಎಂದು ಟೀಚರ್ ಅವನ್ನು ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಆ ಶಾಲೆಗೆ ಹೋದರು. ಮಕ್ಕಳು ಆಟದ ಬಯಲಿನಲ್ಲಿದ್ದರು. ಕಿಟಕಿಯಲ್ಲಿ ಇಣುಕಿದರೆ ಬೀಗ ಹಾಕಿದ ಕೋಣೆಯೊಳಗೆ ಟ್ಯಾಬ್‌ಗಳು ಕಪಾಟಿನ ಉದ್ದಕ್ಕೂ ಸಾಲಾಗಿ ನಿಂತು, ಎಲ್ಲವೂ ಒಟ್ಟಿಗೆ ಪಾಠ ಹೇಳುತ್ತಿದ್ದವು. ಎದುರಿಗೆ ಖಾಲಿ ಬೆಂಚುಗಳು.

"ಬೆಳಿಗ್ಗೆ ಬಂದು ಎಲ್ಲಾ ಹಚ್ಚಿಡ್ತೀನಿ, ಸಂಜೆ ಆರಿಸ್ತೀನಿ" ಎಂದ ಅಲ್ಲಿನ ಜವಾನ, ತನ್ನ ಕೆಲಸದ ಬಗ್ಗೆ ಹೆಮ್ಮೆಯಿಂದಲೇ. "ಮಕ್ಕಳ ಕೈಗೆ ಕೊಟ್ರೆ ಒಡೆದು ಹಾಕ್ತಾವೆ. ಬಳಕೇಲಿ ನಮ್ಮದೇ ಫಸ್ಟು ಈ ಸಲ."

ಟೀಚರ್ ಚೀಲಗಳನ್ನು ಕೊಡಲಿಲ್ಲ. ಅಲ್ಲಿಂದ ಸೀದಾ ಕಚೇರಿಗೆ ಹೋದರು. ಅದೇ ಅಧಿಕಾರಿ ಕುರ್ಚಿ ಕೊಟ್ಟು, ನೀರು ಕೊಟ್ಟು, ಪೂರ್ತಿ ಕೇಳಿಸಿಕೊಂಡರು.

"ನನಗೆ ಅರ್ಥ ಆಗತ್ತೆ ಮೇಡಂ. ಆದ್ರೆ ಸಿಸ್ಟಮ್ ಒಪ್ಪಲ್ಲ."

"ಅದ್ಯಾರು ಸರ್ ಸಿಸ್ಟಮ್? ಯಾವ ಮಹಡೀಲಿ ಕೂತಿರ್ತಾರೆ? ನಾನೇ ಹೋಗಿ ಮಾತಾಡ್ತೀನಿ."

ಅಧಿಕಾರಿ ನಕ್ಕರು. ಟೀಚರ್ ನಗಲಿಲ್ಲ. ನಗು ಅರ್ಧಕ್ಕೇ ನಿಂತಿತು.

ಮನೆಯಲ್ಲಿ ಅವರ ಯಜಮಾನರು ಬಸ್ ಕಂಡಕ್ಟರ್. ಸಮವಸ್ತ್ರ ಬಿಚ್ಚುತ್ತಾ ಎಲ್ಲ ಕೇಳಿ, "ಟಿಕೆಟ್ ಮೆಷಿನ್ ಕೆಟ್ಟ ದಿನ ನಮ್ಮದೂ ಅಷ್ಟೇ. ಕಾಲಿಡೋಕೆ ಜಾಗ ಇರಲ್ಲ, ಡಿಪೋ ಲೆಕ್ಕದಲ್ಲಿ ಬಸ್ಸು ಖಾಲಿ" ಎಂದರಂತೆ.

"ಅದಕ್ಕೆ ನಿಮ್ಮ ಬಸ್ಸು ಕಿತ್ಕೊಂಡು ಹೋದ್ರಾ?" ಎಂದು ಕೇಳಿ ಟೀಚರ್ ಅಡುಗೆಮನೆಗೆ ಹೋದರಂತೆ. ಈ ಮಾತನ್ನು ಮರುದಿನ ನನಗೆ ಹೇಳುವಾಗಲೂ ಅವರ ದನಿಯ ಬಿಸಿ ಆರಿರಲಿಲ್ಲ. "ನೋವು ಯಾವುದು ಗೊತ್ತಾ ಮೇಷ್ಟ್ರೇ? ಕೆಲಸ ಮಾಡ್ದೆ ಇದ್ದಿದ್ರೆ ಟ್ಯಾಬ್ ಉಳ್ಕೊಳ್ತಿತ್ತು."

ತಮ್ಮನ ಅಂಗಡಿಯಲ್ಲಿ ಜನ ಬಿಟ್ಟುಹೋದ, ಪರದೆ ಸೀಳಿದ ಫೋನ್‌ಗಳಿದ್ದವು. ಅವನು ಅವುಗಳಲ್ಲಿ ಜೀವವಿದ್ದವುಗಳನ್ನು ಆರಿಸಿ, ಬ್ಯಾಟರಿ ಕಿತ್ತು, ನೇರ ವೈರಿನಲ್ಲೇ ನಡೆಯುವಂತೆ ಮಾಡಿ ಕೊಟ್ಟ. ಟೀಚರ ಕೋಣೆಯ ಗೋಡೆಯ ಪಕ್ಕ ಸಾಲಾಗಿ ಕೂತು ಪೆಟ್ಟಿಗೆಯಿಂದಲೇ ಪಾಠ ಎಳೆದುಕೊಳ್ಳುವ ಆ ಫೋನ್‌ಗಳ ಮುಂದೆ ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನೋಡುತ್ತಿದ್ದರು. ಕರೆಂಟು ಹೋದರೆ ಪಾಠವೂ ಹೋಯಿತು. ಹಿಂದೆ ನಿಂತವರಿಗೆ ದನಿ ಮಾತ್ರ. ಕೆಲವರು ಬೇಸತ್ತು ಎದ್ದು ಹೋಗುತ್ತಿದ್ದರು. ಹೀಗೆ ಎದ್ದು ಹೋದವರಲ್ಲಿ ಇಬ್ಬರು ಶಾಲೆಯನ್ನೇ ಬಿಟ್ಟರು. ಟೀಚರ್ ಆ ಮಕ್ಕಳ ಶೆಡ್ಡುಗಳಿಗೆ ಹೋಗಿ ಕರೆದರು. ಒಬ್ಬ ಬಂದ, ಇನ್ನೊಬ್ಬಳ ಮನೆಯವರು ಆಗಲೇ ಜಾಗ ಬಿಟ್ಟಿದ್ದರು.

ಈ ವರ್ಷ ಹೊಸ ಟ್ಯಾಬ್‌ಗಳು, ಹೊಸ ಆ್ಯಪ್ ಬರುತ್ತವೆಂದು ಸುತ್ತೋಲೆ ಬಂತು. ತರಬೇತಿಗೆ ಟೀಚರನ್ನೇ ಕಳಿಸಿದರು, ಜೊತೆಗೆ ನಾನೂ ಹೋದೆ. ದೊಡ್ಡ ಸಭಾಂಗಣ, ತಣ್ಣನೆ ಗಾಳಿ, ಗೋಡೆಯಗಲದ ಪರದೆಯಲ್ಲಿ ಹಸಿರು ಎಲೆಯ ಚಿತ್ರ, ಅದರ ಕೆಳಗೆ ಸುಸ್ಥಿರ ಶಿಕ್ಷಣ ಎಂಬ ಅಕ್ಷರ. ಟೀಚರ್ ಮೊದಲ ಸಾಲಿನಲ್ಲಿ ಕೂತರು. ತರಬೇತುದಾರರು ಬಾಯಿ ತೆರೆದ ಸ್ವಲ್ಪ ಹೊತ್ತಿಗೇ ಟೀಚರ್ ಕೈ ಎತ್ತಿದರು.

"ಇದು ನೆಟ್ ಇಲ್ದೆ ನಡೆಯತ್ತಾ ಸರ್? ನಡೆದ್ರೆ ಅದು ನಿಮ್ಮ ಲೆಕ್ಕಕ್ಕೆ ಸೇರತ್ತಾ?"

"ಒಳ್ಳೆ ಪ್ರಶ್ನೆ ಮೇಡಂ. ಕೊನೇಲಿ ತಗೊಳ್ಳೋಣ."

ಕೊನೆಯಲ್ಲಿ ಸಮಯ ಉಳಿಯಲಿಲ್ಲ. ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆದರು. ಟೀಚರ್ ಫೋಟೊಗೆ ನಿಲ್ಲದೆ ವೇದಿಕೆಯ ಪಕ್ಕಕ್ಕೆ ಹೋಗಿ, ವೈರು ಸುತ್ತುತ್ತಿದ್ದ ತರಬೇತುದಾರರ ಎದುರು ನಿಂತು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ನನಗೆ ಗೊತ್ತಿಲ್ಲ ಮೇಡಂ, ನಾನು ಹೇಳಿಕೊಡೋಕೆ ಮಾತ್ರ ಬಂದವನು ಎಂದರು ಅವರು, ಪಾಪ, ಪ್ರಾಮಾಣಿಕವಾಗಿ.

"ಗೊತ್ತಿರೋರ ಫೋನ್ ನಂಬರ್ ಕೊಡಿ" ಎಂದು ಟೀಚರ್ ಕುರ್ಚಿ ಎಳೆದುಕೊಂಡು ಕೂತರು. ನಮ್ಮ ಬಸ್ಸು ಹೊರಡುವ ಹೊತ್ತಾಗಿತ್ತು. ನಾನು ಬಾಗಿಲಲ್ಲಿ ನಿಂತು ಕರೆದೆ. ಅವರು ತಿರುಗಿ ನೋಡಲಿಲ್ಲ.

"ನೀವು ಹೋಗಿ ಮೇಷ್ಟ್ರೇ. ನಾನು ಮುಂದಿನ ಬಸ್ಸಿಗೆ ಬರ್ತೀನಿ."