ಸ್ವಾಮಿಯ ಬಾಯಲ್ಲಿ ನಾನಿಟ್ಟ ಮಾತು

ನಮ್ಮ ಬೈಬಲ್ಲಾದ ಸತ್ಯವೇದದಲ್ಲಿ ಇಲ್ಲದ ಒಂದು ಕತೆಯನ್ನು, ಸತ್ಯವೇದವನ್ನೇ ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು, ಇದೆ ಎಂದು ಓದಿದವಳು ನಾನು. ಓದು ಬಾರದ ಒಬ್ಬ ತಾಯಿಗೆ. ಆ ಕತೆ ಬುದ್ಧನದು. ನನಗದನ್ನು ಹೇಳಿದವನು ಆಕೆಯ ಸ್ವಂತ ಅಣ್ಣ. ನಾನು ಓದುವಾಗ ಅವನು ಅಲ್ಲೇ ಹೊಸ್ತಿಲ ಹತ್ತಿರ ಕೂತಿದ್ದ. ಅವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು — ಆಕೆಗೊಬ್ಬಳಿಗೆ ಗೊತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲವದು. ನನ್ನ ಯಜಮಾನರು ವಿಜಾಪುರದ ಕ್ರೈಸ್ತ ಸಭೆಯಲ್ಲಿ ಉಪದೇಶಿಗಳು. ನಾನು ಗುರುವಾರಕ್ಕೊಮ್ಮೆ ನಿಡೋಣಿಯ ಕೇರಿಗೆ ಹೋಗಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾ ಯೇಸುಸ್ವಾಮಿಯ ಕತೆ ಹೇಳುವವಳು. ಪೆಟ್ರೋಲು ಸಿಗದೆ ಇದ್ದಿಲಿನ ಮೇಲೆ ಓಡುವ ಮೋಟಾರು ಬಬಲೇಶ್ವರದವರೆಗೆ ಮುಟ್ಟಿಸುತ್ತಿತ್ತು. ಏರು ಬಂದಲ್ಲಿ ನಾವೇ ಇಳಿದು ದಬ್ಬಬೇಕು. ಮುಂದೆ ಯಾರದಾದರೂ ಚಕ್ಕಡಿ ಸಿಕ್ಕರೆ ಚಕ್ಕಡಿ, ಇಲ್ಲವಾದರೆ ಕಾಲುನಡಿಗೆ. ಚೀಲದಲ್ಲಿ ಸೂಜಿ, ದಾರದುಂಡೆ, ಸತ್ಯವೇದ, ಮಧ್ಯಾಹ್ನಕ್ಕೆ ರೊಟ್ಟಿ, ಶೇಂಗಾ ಚಟ್ನಿ. ನಾವೂ ಅಂಥದೇ ಕೇರಿಯಿಂದ ಬಂದವರು, ಅಜ್ಜನ ಕಾಲಕ್ಕೆ ಸಭೆ ಸೇರಿದ ಮನೆತನ. ಹೀಗಾಗಿ ಅಲ್ಲಿ ನನ್ನನ್ನು ಯಾರೂ ಹೊರಗಿನವಳೆಂದು ನೋಡಲಿಲ್ಲ.

ಹೊಲಿಗೆ ನಡೆಯುತ್ತಿದ್ದದ್ದು ದುರಗವ್ವನ ಮನೆಯ ಮುಂದಿನ ಬೇವಿನ ನೆರಳಲ್ಲಿ. ಗಂಡ ತೀರಿದ ಹೆಣ್ಣು. ಬಸ್ಯಾ ಎಂಬ ಆರೇಳು ವರ್ಷದ ಮಗ. ಜೊತೆಗೆ ಅಣ್ಣ ಯಮನಪ್ಪ. ಸೊಲ್ಲಾಪುರದ ಗಿರಣಿಯಲ್ಲಿ ದುಡಿದು, ಹತ್ತಿಯ ಧೂಳು ಎದೆಗೆ ಕೂತು, ಕೆಮ್ಮು ಹೊತ್ತುಕೊಂಡು ಊರಿಗೆ ತಿರುಗಿ ಬಂದಿದ್ದ. ಗಿರಣಿಯ ಚಾಳಿನಲ್ಲಿ ಮರಾಠಿ ಗೆಳೆಯರ ಬಾಯಿಂದ ಬುದ್ಧನ ವಿಚಾರ ಕೇಳಿ ಬಂದಿದ್ದ. ನಮಗೆ ಸಭೆಯಲ್ಲಿ ಬುದ್ಧನ ಬಗ್ಗೆ ಕಲಿಸಿದ್ದು ಒಂದೇ ಸಾಲು. ಅದನ್ನೇ ನಂಬಿ ನಾನು ಅವನನ್ನು ತಿದ್ದಲು ಹೊರಟೆ.

"ಬುದ್ಧ ದೇವರ ಇಲ್ಲ ಅಂದಾನಲ್ಲೋ ಯಮನಪ್ಪ. ದೇವರಿಲ್ಲದ ಧರ್ಮ ಅಂದ್ರ ಮಾಳಿಗಿ ಇಲ್ಲದ ಮನಿ," ಎಂದೆ.

"ಅದಾನ ಅಂತನೂ ಅನ್ನಲಿಲ್ರಿ, ಇಲ್ಲ ಅಂತನೂ ಅನ್ನಲಿಲ್ಲ. ಬಾಣ ಬಡದವಗ ಮೊದಲ ಬಾಣ ಕೀಳ್ರಿ, ಹೊಡದಾವ ಯಾವ ಕುಲದಾವ ಅನ್ನೋದು ಆಮ್ಯಾಲ ಅಂದಾನ," ಎಂದ. ಕೆಮ್ಮಿ, ಸುಧಾರಿಸಿಕೊಂಡು, "ಮಾಳಿಗಿ ಮಾತು ಬಿಡ್ರಿ ಅಕ್ಕಾರ, ನಿಮ್ಮ ಗುಡಿಯೊಳಗ ಮುಂದಿನ ಬೆಂಚಿನ ಮ್ಯಾಲ ಯಾರು ಕುಂಡ್ರತಾರ, ಹಿಂದಿಂದರ ಮ್ಯಾಲ ಯಾರು?"

ಹೆಣ್ಣುಮಕ್ಕಳೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನು ಸೂಜಿಗೆ ದಾರ ಪೋಣಿಸುವ ನೆವ ಮಾಡಿದೆ. ಸೂಜಿಯ ಕಣ್ಣೇ ಸಿಗಲಿಲ್ಲ.

ಅಂದಿನಿಂದ ಹೊಲಿಗೆ ಮುಗಿದ ಮೇಲೆ ಒಂದಿಷ್ಟು ಹೊತ್ತು ಅವನ ಮಾತು ಕೇಳುವುದು ನನಗೆ ರೂಢಿಯಾಯಿತು. ದುರಗವ್ವ, ಉಳಿದ ಹೆಂಗಸರೆಲ್ಲ ಅಷ್ಟರಲ್ಲಿ ನೀರಿಗೆ, ಕೂಲಿಗೆ ಎದ್ದು ಹೋಗಿರುತ್ತಿದ್ದರು. ಅರಮನೆಯ ಮಗ — ಮುದುಕನನ್ನು, ರೋಗಿಯನ್ನು, ಹೆಣವನ್ನು ಕಂಡು ನಿದ್ದೆ ಕಳೆದುಕೊಂಡವನು. ಮಲಗಿದ ಹೆಂಡತಿ ಮಗುವನ್ನು ಬಿಟ್ಟು ಎದ್ದು ನಡೆದವನು. "ಹೇಂತಿಗೆ ಒಂದ್ ಮಾತು ಹೇಳಿ ಹೋಗಾಕ ಏನಾಗಿತ್ತು ಅವಗ?" ಎಂದು ನಾನು ಸಿಟ್ಟಿಗೆದ್ದಾಗ ಯಮನಪ್ಪ, "ಹೇಳಿದ್ರ ನೀವು ಬಿಡತಿದ್ರೇನು?" ಎಂದ. ಉಪವಾಸದಿಂದ ಎಲುಬಿನ ಗೂಡಾಗಿ, ಒಬ್ಬ ಹೆಣ್ಣುಮಗಳು ಕೊಟ್ಟ ಪಾಯಸ ಉಂಡು, ಅರಳಿ ಮರದ ಕೆಳಗೆ ಕೂತು ಆತ ಕಂಡದ್ದು ಇಷ್ಟು: ದುಃಖವಿದೆ, ದುಃಖಕ್ಕೆ ಆಸೆ ಬೇರು, ಆ ಬೇರನ್ನು ಕೀಳಲು ಬರುತ್ತದೆ, ಕೀಳುವ ದಾರಿ ನಡತೆಯಲ್ಲಿದೆ. ಕೊಲ್ಲಬೇಡ, ಕದಿಯಬೇಡ, ಸುಳ್ಳಾಡಬೇಡ — ಇವು ಮೋಶೆಯ ಆಜ್ಞೆಗಳಲ್ಲೂ ಇರುವ ಮಾತೇ. ಒಂದು ದಿನ ಹೇಳಿದ: ರಾಜವಂಶದ ಹುಡುಗರೂ ಅವರ ಮನೆಯ ಹಜಾಮನೂ ಒಟ್ಟಿಗೆ ಸನ್ಯಾಸಕ್ಕೆ ಬಂದಾಗ, ಬುದ್ಧ ಹಜಾಮನಿಗೆ ಮೊದಲು ದೀಕ್ಷೆ ಕೊಟ್ಟನಂತೆ. ಅವನ ನಂತರ ದೀಕ್ಷೆ ಪಡೆದ ರಾಜಪುತ್ರರು ಅವನ ಕಾಲಿಗೆರಗಬೇಕಾಯಿತು. ನಮ್ಮ ಸ್ವಾಮಿ ಶಿಷ್ಯರ ಕಾಲು ತೊಳೆದದ್ದು ನನಗೆ ನೆನಪಾಯಿತು. ದೂರದ ದೇಶಗಳಲ್ಲಿ, ಎಷ್ಟೋ ನೂರು ವರ್ಷಗಳ ಅಂತರದಲ್ಲಿ, ಇಬ್ಬರೂ ಒಂದೇ ಕಡೆ ಬಗ್ಗಿದ್ದರು.

ನನ್ನ ನಂಬಿಕೆ ಅಲುಗಿತೆಂದಲ್ಲ. ಪ್ರಾರ್ಥನೆಗೆ ಕಿವಿಗೊಡುವ ತಂದೆಯೊಬ್ಬನಿದ್ದಾನೆ ಎಂಬುದು ನನಗೆ ಅನ್ನ-ನೀರಿನಷ್ಟು ಖರೆ. ಆದರೆ ಅಂಥ ತಂದೆಯ ಆಸರೆ ಬೇಡದೆಯೂ ಒಬ್ಬ ಮನುಷ್ಯ ಅಷ್ಟು ಕರುಣೆಗೆ ಏರಬಲ್ಲನೇ — ಈ ಅಚ್ಚರಿ ಇಂದಿಗೂ ಇಳಿದಿಲ್ಲ.

ಸಾಸಿವೆಯ ಕತೆಯನ್ನೂ ಆ ಬೇವಿನ ಕೆಳಗೇ ಕೇಳಿದೆ. ಸತ್ತ ಮಗುವನ್ನು ಎತ್ತಿಕೊಂಡು ಒಬ್ಬ ತಾಯಿ ಬುದ್ಧನ ಬಳಿ ಬರುತ್ತಾಳೆ, ಬದುಕಿಸು ಎನ್ನುತ್ತಾಳೆ. ಸಾವು ಕಾಣದ ಮನೆಯಿಂದ ಒಂದು ಹಿಡಿ ಸಾಸಿವೆ ತಾ ಎನ್ನುತ್ತಾನೆ ಅವನು. ಸಾಸಿವೆ ಎಲ್ಲ ಮನೆಯಲ್ಲೂ ಇತ್ತು. ಆದರೆ ಒಂದು ಮನೆಯಲ್ಲಿ ಅಪ್ಪ ಹೋಗಿದ್ದ, ಇನ್ನೊಂದರಲ್ಲಿ ಸೊಸೆ, ಮತ್ತೊಂದರಲ್ಲಿ ಮಗು. ಸಂಜೆಗೆ ಆಕೆ ಬರಿಗೈಯಲ್ಲಿ ತಿರುಗಿ ಬಂದಳು, ಮಗುವನ್ನು ಮಣ್ಣಿಗೆ ಕೊಟ್ಟಳು.

ಆ ವರ್ಷ ಸುಗ್ಗಿಗೆ ಮುಂಚೆ ವಿಷಮಜ್ವರದಿಂದ ಬಸ್ಯಾ ಹೋದ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಬೇರೆ ಮನೆಯವರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಹೋದವರು, ಆ ಮನೆಯವರಿಗೆ ಒಂದು ತುತ್ತನ್ನಾದರೂ ಉಣಿಸದೆ ಏಳುವಂತಿಲ್ಲ. ನಾನು ರೊಟ್ಟಿ, ಪುಂಡಿಪಲ್ಯೆ ಕಟ್ಟಿಕೊಂಡು ಹೋದೆ. ದುರಗವ್ವ ಆವರೆಗೆ ಹನಿ ನೀರೂ ಮುಟ್ಟಿರಲಿಲ್ಲ. ಯಮನಪ್ಪ ಹಿತ್ತಿಲಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ತುತ್ತು ಮುರಿದು ಬಾಯಿಗೆ ಒಯ್ದರೆ ಆಕೆ ನನ್ನ ಕೈ ಹಿಡಿದಳು.

"ಆ ಗಂಡ ಸತ್ತಾಕಿ ಮಗನ್ನ ಎಬ್ಬಿಸಿ ಕೊಟ್ಟಾನ ಅಂದಿದ್ರೆಲ್ಲ ಅಕ್ಕಾರ? ನಾನೂ ಗಂಡ ಸತ್ತಾಕೀನ. ನನ್ನ ಬಸ್ಯಾನ್ನ ಯಾಕ ಎಬ್ಬಸಲಿಲ್ಲ? ನಿಮ್ಮ ಸ್ವಾಮಿಗೆ ನಿಡೋಣಿ ದಾರಿ ಗೊತ್ತಿದ್ದಿಲ್ಲೇನು?"

ನಾಯಿನ್ ಎಂಬ ಊರಿನಲ್ಲಿ ಸ್ವಾಮಿ ಬದುಕಿಸಿಕೊಟ್ಟ ವಿಧವೆಯ ಮಗನ ಕತೆಯನ್ನು ಅದೇ ಮನೆಯ ಮುಂದೆ ಎಷ್ಟು ಹುರುಪಿನಿಂದ ಹೇಳಿದ್ದೆ ನಾನು! ಸತ್ತ ಗೆಳೆಯ ಲಾಜರನ ಸಮಾಧಿಯ ಮುಂದೆ ಕಣ್ಣೀರಿಟ್ಟ ಸ್ವಾಮಿ ನನ್ನ ಪುಸ್ತಕದಲ್ಲೇ ಇದ್ದ, ಆ ಹೊತ್ತಿಗೆ ನೆನಪಾಗಲಿಲ್ಲ. ಆಕೆಯ ಜೊತೆ ಕೂತು ಸುಮ್ಮನೆ ಅಳಬಹುದಿತ್ತು, ಅದೂ ಹೊಳೆಯಲಿಲ್ಲ. ನನ್ನ ಸ್ವಾಮಿ ಸೋತುಹೋದ ಎಂದು ಹೆದರಿದೆ — ಅಷ್ಟೇ. "ಇನ್ನೊಬ್ಬ ತಾಯಿಯೂ ಹೀಂಗ ಬಂದಿದ್ಳು ದುರಗವ್ವ, ಯೇಸುಸ್ವಾಮಿ ಆಕಿಗೆ ಸಾಸಿವಿ ತರಾಕ ಹೇಳಿದಾ…" ಎಂದು ಶುರು ಮಾಡಿಬಿಟ್ಟೆ.

ಕತೆ ಮುಗಿದಾಗ ಆಕೆ ಬಾಯಿ ತೆರೆದಳು. ಉಂಡಳು.

ಅಲ್ಲಿಗೇ ನಿಂತಿದ್ದರೆ ಗಾಬರಿಯಲ್ಲಿ ಆಡಿದ್ದು ಎನ್ನಬಹುದಿತ್ತು. ಕೆಲವು ತಿಂಗಳ ಮೇಲೆ ದುರಗವ್ವ ಸಭೆ ಸೇರಲು ದೀಕ್ಷಾಸ್ನಾನ ಬೇಕೆಂದಳು. "ಅದಕ್ಕೂ ಮೊದಲ ಆ ಸಾಸಿವಿದು ಓದಿ ಹೇಳ್ರಿ, ಪುಸ್ತಕದಾಗ ಹೆಂಗೈತಿ ಹಂಗ," ಎಂದಳು. ಮತ್ತಾಯನ ಸುವಾರ್ತೆಯಲ್ಲಿ ಸಾಸಿವೆ ಕಾಳಿನದೊಂದು ದೃಷ್ಟಾಂತವಿದೆ, ಬೇರೆಯೇ ಅರ್ಥದ್ದು. ಆ ಪುಟ ತೆಗೆದೆ. ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಬುದ್ಧನ ಕತೆಯನ್ನು ಯೇಸುವಿನ ಹೆಸರಲ್ಲಿ ಓದಿದೆ — ಸಾವಕಾಶವಾಗಿ, ಸ್ಪಷ್ಟವಾಗಿ. ಆಗಲೇ ಯಮನಪ್ಪ ಹೊಸ್ತಿಲಲ್ಲಿದ್ದದ್ದು.

ಬೀಳ್ಕೊಡಲು ಅವನು ಊರ ಹೊರಗಿನ ತನಕ ಬಂದ. ಬೈಯಲಿ ಎಂದು ಕಾದೆ.

"ಆ ಕತಿ ನಾನ ಹೇಳಬೇಕಾಗಿತ್ತು ತಂಗೀಗೆ. ಆವತ್ತ ಬಾಯಿ ಬರಲಿಲ್ಲ," ಎಂದ. "ನಮ್ಮಂಥವರ ಕಡೆ ಕೊಡಾಕ ಇದ್ದದ್ದ ಅದೊಂದ್ರಿ ಅಕ್ಕಾರ. ಇರಲಿ. ಆಕಿ ಉಂಡ್ಳು. ಖರೇ ಯಾವಾಗ ಹೇಳಬೇಕು, ನೀವ ನೋಡ್ರಿ."

ನಾನು ನೋಡುತ್ತಲೇ ಉಳಿದೆ. ಯುದ್ಧ ಮುಗಿಯಿತು, ಸ್ವರಾಜ್ಯ ಬಂತು. ಯಮನಪ್ಪ ಕೆಮ್ಮಿ ಕೆಮ್ಮಿ ಸತ್ತ. ದುರಗವ್ವ ಸಭೆಯಲ್ಲಿ ಒಳ್ಳೆಯ ವಿಶ್ವಾಸಿ ಎನಿಸಿಕೊಂಡಳು. ಎಲ್ಲರೂ ನನ್ನನ್ನು ಹೊಗಳಿದರು, ಹೊಗಳಿಸಿಕೊಂಡೆ. ಈ ಬೇಸಿಗೆಯಲ್ಲಿ ಕಳ್ಳಕವಟಗಿಯಿಂದ ಬಂದ ಹೆಣ್ಣುಮಗಳೊಬ್ಬಳು, ತನ್ನ ಕೂಸು ತೀರಿಕೊಂಡಾಗ ದುರಗವ್ವ ಹುಡುಕಿಕೊಂಡು ಬಂದು ಯೇಸುಸ್ವಾಮಿಯ ಸಾಸಿವೆ ಕತೆ ಹೇಳಿ ಉಣಿಸಿದಳೆಂದು ನನ್ನೆದುರೇ ಕಣ್ಣೊರೆಸಿಕೊಂಡಳು. ನನ್ನ ಸುಳ್ಳು ನನಗಿಂತ ದೂರ ನಡೆದಿತ್ತು.

ಆ ವಾರವೇ ನಿಡೋಣಿಗೆ ಹೋದೆ. ದುರಗವ್ವ ಜೋಳ ಹಸನು ಮಾಡುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಆಕೆಯ ಕೈ ನಿಂತಿತು.

"ಅಣ್ಣಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಮೊರವನ್ನು ಪಕ್ಕಕ್ಕೆ ಸರಿಸಿದಳು. "ಸಾಯೂ ಮುಂದ ಅಂವಾ ಬುದ್ಧಂದು ಎರಡು ಮಾತ ಹೇಳತೇನಿ ಕೇಳಬೇ ಅಂದಾ. ನಾ ಏನಂದೆ ಗೊತ್ತೇನು ಅಕ್ಕಾರ? ನಿನ್ನ ಬುದ್ಧ ನನಗೇನ ಕೊಟ್ಟಾನ, ನನ್ನ ಮಗಾ ಸತ್ತಾಗ ಬಂದಾವ ಯೇಸುಸ್ವಾಮಿ, ಅಂದೆ. ನಕ್ಕು ಆ ಕಡೆ ಹೊರಳಿ ಮಲಗಿದಾ."

ಬುದ್ಧನಿಂದ ಕದ್ದೆ, ಯಮನಪ್ಪನಿಂದ ಕದ್ದೆ ಎಂದುಕೊಂಡಿದ್ದೆ ಅಲ್ಲಿಯವರೆಗೆ. ನನ್ನ ಸ್ವಾಮಿಗೆ ಪರರ ಒಡವೆ ತೊಡಿಸಿದೆ ಎಂದೂ. ಅಣ್ಣ ತಂಗಿಗೆ ಹೇಳಬೇಕಿದ್ದ ಕಡೆಯ ಎರಡು ಮಾತನ್ನೂ ನಾನೇ ತಡೆದಿದ್ದೆನೆಂಬುದು ಆ ಹೊತ್ತಿಗೆ ತಿಳಿಯಿತು. ಅವು ಯಾವ ಮಾತುಗಳೋ — ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

"ಅಂವಾ ನಿಮ್ಮ ಮುಂದ ಏನೇನು ಹೇಳ್ಯಾನ, ಎಲ್ಲಾ ನನಗ ಹೇಳ್ರಿ," ಎಂದಳು ದುರಗವ್ವ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಈಗ ಗುರುವಾರ ಆಕೆಯ ಮನೆಗೆ ಹೋಗುತ್ತೇನೆ. ಇದು ಬುದ್ಧ ಹೇಳಿದ್ದು, ಇದನ್ನು ನನಗೆ ಹೇಳಿದವನು ನಿನ್ನಣ್ಣ ಎಂದು ಮೊದಲು ಹೇಳಿ, ಆಮೇಲೆ ಮುಂದುವರಿಯುತ್ತೇನೆ. ನೆನಪಿಲ್ಲದಲ್ಲಿ ನೆನಪಿಲ್ಲ ಎನ್ನುತ್ತೇನೆ. ಆಕೆ ಪ್ರಾರ್ಥನೆಗೆ ಬರುವುದನ್ನು ನಿಲ್ಲಿಸಿದ್ದಾಳೆ. ಸಭೆಯವರು ಕಾರಣ ಕೇಳಿದರು. ಕಾರಣ ನಾನು ಎಂದು ಎದ್ದು ನಿಂತು ಹೇಳಿದೆ. ಆಕೆಯನ್ನು ಮರಳಿ ಕರೆಯುವ ಬಾಯಿ ನನಗಿಲ್ಲ.